ತಪ್ಪು ಯಾರದ್ದು?

ಆಟಿ ತಿಂಗಳ ಒಂದು ಮಧ್ಯಾಹ್ನ. ಕಾಸರಗೋಡಿನ ಬದಿಯಡ್ಕದಲ್ಲಿ ಬಿಡದೆ ಮಳೆ. ಪೆರ್ಲ ಕಡೆಯ ಹಿರಿಯ ಕೃಷಿಕರೊಬ್ಬರು ಫೋನ್ ಮಾಡಿದರು. "ತಪ್ಪಾಗಿದೆ ಅಂತ ಬರ್ತದೆ. ನಾನು ಎಂತ ತಪ್ಪು ಮಾಡಿದ್ದು ಮಾರಾಯ?"

ಅಡಿಕೆಯ ತೂಕ ಬರೆದಿಡಲು ಪರಿಚಯದವರಿಗೆಂದು ನಾನು ಮಾಡಿಕೊಟ್ಟ ಸಣ್ಣ ವೆಬ್ ಆ್ಯಪ್ ಅದು. ಮಳೆಗೆ ನೆಟ್ ಹೋಗಿರಬೇಕು, ಆಮೇಲೆ ನೋಡಿ ಎಂದೆ. ಸಂಜೆವರೆಗೆ ಆರು ಸಲ ನೋಡಿದರಂತೆ. ಕೇಳಿ ತುಂಬಾ ಬೇಜಾರಾಯಿತು.

ಕೋಡ್ ತೆರೆದೆ. ಎಲ್ಲಕ್ಕೂ ಸೇರಿ ಒಂದೇ ಕ್ಯಾಚ್ ಬ್ಲಾಕ್, ಅಂದರೆ ಕೋಡ್ ಎಡವಿದಾಗ ಎರರನ್ನು ಹಿಡಿಯುವ ಭಾಗ. ನೆಟ್ ಹೋದರೂ, ಸರ್ವರ್ ಕೆಟ್ಟರೂ, ತುಂಬಿದ್ದು ಸರಿಯಿಲ್ಲದಿದ್ದರೂ 'ತಪ್ಪಾಗಿದೆ' ಅಷ್ಟೇ. ನಮ್ಮ ಭಾಷೆಯಲ್ಲಿ ತಪ್ಪು ಎಂದರೆ ಯಾರಾದರೂ ಮಾಡಿದ್ದು, ಅಲ್ವಾ? ಅವರು ಅದನ್ನು ತಮ್ಮ ಮೇಲೆಯೇ ಹಾಕಿಕೊಂಡಿದ್ದರು.

ಅಂದು ರಾತ್ರಿ ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಎರರ್ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ (ಅದರ ಮಕ್ಕಳಂತೆ) ನೆಟ್‌ವರ್ಕ್‌ಗೆ ಒಂದು, ಸರ್ವರ್‌ಗೆ ಒಂದು, ತುಂಬಿದ ವಿವರಕ್ಕೆ ಒಂದು ಕಸ್ಟಮ್ ಎರರ್ ಬರೆದೆ. ಕೊನೆಯದರಲ್ಲಿ ಯಾವ ಖಾನೆ, ಏನು ತುಂಬಿದ್ದು ಎಂಬುದನ್ನೂ ಇಟ್ಟೆ. ಸರ್ವರ್ ಕೆಟ್ಟಿದೆ ಎನ್ನುವ 500 ಬಂದರೂ, ಸರ್ವರ್ ಜೊತೆ ಮಾತಾಡುವ ಫೆಚ್ ತಾನಾಗಿ ಎರರ್ ಎಸೆಯುವುದಿಲ್ಲ. ರೆಸ್ಪಾನ್ಸ್ ಓಕೆ ಇದೆಯಾ ಎಂದು ನೋಡಿ ನಾವೇ ಎಸೆಯಬೇಕು. ಅದನ್ನೂ ಸೇರಿಸಿದೆ.

ಆದರೂ ಕ್ಯಾಚ್‌ನಲ್ಲಿ ಇದು ಯಾವ ಬಗೆಯ ಎರರ್ ಎಂದು ಇನ್‌ಸ್ಟನ್ಸ್‌ಆಫ್‌ನಿಂದ ಕೇಳಿದರೆ ಎಲ್ಲಕ್ಕೂ ಫಾಲ್ಸ್! ಎರಡು ಗಂಟೆ ಹೋಯಿತು. ಹಳೆ ಫೋನ್‌ಗಳಿಗೆಂದು ಟೈಪ್‌ಸ್ಕ್ರಿಪ್ಟ್ ಕೋಡನ್ನು ಜಾವಾಸ್ಕ್ರಿಪ್ಟ್‌ನ ಹಳೆಯ ಆವೃತ್ತಿಯಾದ ಇಎಸ್5ಗೆ ಇಳಿಸುತ್ತಿದ್ದೆ. ಹಾಗೆ ಇಳಿಸಿದಾಗ ಎರರ್‌ನ ಮಕ್ಕಳ ಪ್ರೋಟೋಟೈಪ್, ಅಂದರೆ ಯಾವ ಕ್ಲಾಸಿಗೆ ಸೇರಿದ್ದು ಎಂಬ ಕೊಂಡಿ, ಕಳಚಿಹೋಗುತ್ತದೆ. ಎರರ್ ಹುಟ್ಟುವ ಜಾಗವಾದ ಕನ್‌ಸ್ಟ್ರಕ್ಟರ್‌ನಲ್ಲಿ ಸೂಪರ್ (ಮೂಲ ಕ್ಲಾಸಿನ ಕನ್‌ಸ್ಟ್ರಕ್ಟರ್) ಕರೆದ ಕೂಡಲೇ ಸೆಟ್‌ಪ್ರೋಟೋಟೈಪ್‌ಆಫ್ ಬಳಸಿ ಅದನ್ನು ಮತ್ತೆ ಜೋಡಿಸಬೇಕು. ಜೋಡಿಸಿದ ಮೇಲೆ ಸರಿಯಾಯಿತು.

ಮರುದಿನ ಅವರು ಮತ್ತೆ ತುಂಬಿದರು. ಈ ಸಲ ಲಾಗ್‌ನಲ್ಲಿ ಸ್ಪಷ್ಟವಾಗಿ ಬಂತು. ಖಾನೆ: ತೂಕ. ತುಂಬಿದ್ದು: ೨೫.

ಕನ್ನಡ ಶಾಲೆಯಲ್ಲಿ ಕಲಿತವರು, ಲೆಕ್ಕದ ಪುಸ್ತಕವನ್ನೂ ಕನ್ನಡ ಅಂಕಿಯಲ್ಲೇ ಬರೆಯುವವರು. ಜಾವಾಸ್ಕ್ರಿಪ್ಟ್‌ನ ನಂಬರ್ ಫಂಕ್ಷನ್‌ಗೆ ೨೫ ಕೊಟ್ಟರೆ ಬರುವುದು 'ನ್ಯಾನ್', ಅಂದರೆ ಸಂಖ್ಯೆಯೇ ಅಲ್ಲ ಎಂದು. ಕಾಸರಗೋಡಿನಲ್ಲಿ ಕೂತು ಅದನ್ನು ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ನಮ್ಮವರು ಜೋಪಾನವಾಗಿ ಉಳಿಸಿಕೊಂಡ ಅಂಕಿ ಅದು.

'ಇಂಗ್ಲಿಷ್ ಅಂಕಿ ಬಳಸಿ' ಎಂಬ ಸಂದೇಶ ಹಾಕಲು ಮನಸ್ಸು ಬರಲಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಸೊನ್ನೆ 3302, ಒಂಬತ್ತು 3311. ಪ್ರತಿ ಅಂಕಿಯ ಆ ಸಂಖ್ಯೆಯಿಂದ 3302 ಕಳೆದರೆ ಸಾಕು. ನಾಲ್ಕು ಸಾಲಿನ ಕೋಡ್.

ಫೋನ್ ಮಾಡಿ, "ತಪ್ಪು ನಿಮ್ಮದಲ್ಲ, ನನ್ನದು" ಎಂದೆ. "ಹಾಗಾದರೆ ಈಗ ತಕ್ಕೊಳ್ತದಾ?" ಎಂದು ಕೇಳಿದರು. ತಗೊಂಡಿತು.