ನಲವತ್ತಮೂರು ವಾಚು, ನಾಲ್ಕು ಹಲಗೆ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಐದು ತಿಂಗಳಿಂದ ನನ್ನ ಎಂಟು ಎಚ್‌ಎಂಟಿ ವಾಚುಗಳನ್ನು ದಿನಕ್ಕೆ ನಾಲ್ಕೈದು ನಿಮಿಷ ಮುಂದಕ್ಕೆ ಓಡಿಸುತ್ತಿದ್ದವನು ಗಾಜಿನ ಕಪಾಟಿನೊಳಗೇ ಅಡಗಿ ಕುಳಿತಿದ್ದ.

ನಾನು ಕೂಡಿಟ್ಟ ವಾಚುಗಳನ್ನು ತೋರಿಸಿಡಲು ಬಡಗಿಯಿಂದ ಮಾಡಿಸಿದ ಕಪಾಟು ಅದು. ನಾಲ್ಕು ಹಲಗೆ, ಹಲಗೆಗೆ ಆರರಂತೆ ಇಪ್ಪತ್ತನಾಲ್ಕು ವಾಚು, ಎಲ್ಲವೂ ಕೀಲಿ ಕೊಡುವಂಥವು. ನನ್ನಲ್ಲಿರುವುದು ನಲವತ್ತಮೂರು. ಮಿಕ್ಕ ಹತ್ತೊಂಬತ್ತಕ್ಕೆ ಇನ್ನೊಂದು ಕಪಾಟು ಮಾಡಿಸಲು ಮರದ ಲೆಕ್ಕ ಹಾಕುತ್ತಿದ್ದಾಗಲೇ ಈ ಕಾಟ ಶುರುವಾಯಿತು.

ಮೊದಲು ಅನುಮಾನ ಬಂದದ್ದು ಎಣ್ಣೆಯ ಮೇಲೆ. ಎಂಟನ್ನೂ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದೆ. ಮೇಜಿನ ಮೇಲೆ ಮೊಬೈಲಿನ ಟೈಮಿಂಗ್ ಆ್ಯಪ್‌ನಲ್ಲಿ ನೋಡಿದರೆ ಹಾಗೆಯೇ ಮುಂದು. ಅಪ್ಪನ ‘ಜನತಾ’ ಮಾದರಿಯ ವಾಚಿಗೆ ಹೊಸ ಬ್ಯಾಲೆನ್ಸ್ (ಅತ್ತಿತ್ತ ತೂಗಿ ಲಯ ಹಿಡಿಯುವ ಚಕ್ರ) ಹಾಕೋಣವೆಂದು, ಅದರೊಳಗಿನ 0231 ಎಂಬ ಯಂತ್ರದ್ದನ್ನೇ ತರಿಸಿದೆ. ‘ಅಸಲಿ, ಬಳಸದ್ದು’ ಎಂದು ಬರೆದು ಕಳಿಸಿದ ಮಾರಾಟಗಾರ ಯಾವುದೋ ಬೇರೆ ಯಂತ್ರದ, ತಿರುಚಿಕೊಂಡ ಹೇರ್‌ಸ್ಪ್ರಿಂಗಿನ (ಆ ಚಕ್ರವನ್ನು ತೂಗಿಸುವ ಕೂದಲೆಳೆಯಂಥ ಸುರುಳಿ) ಬ್ಯಾಲೆನ್ಸನ್ನು ಬೆಂಕಿಪೊಟ್ಟಣದಲ್ಲಿ ತುರುಕಿದ್ದ. ಹಣವೂ ವಾಪಸಾಗಲಿಲ್ಲ, ಫೋನಿಗೂ ಉತ್ತರವಿಲ್ಲ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನವಾದ ಮೇಲೆ ಇಂಥವರ ಸಂಖ್ಯೆ ಬೆಳೆಯುತ್ತಲೇ ಇದೆ. ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು ಎಚ್‌ಎಂಟಿಯ ‘ಪೈಲಟ್’ ಮಾದರಿ ಎಂದು ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಕೋಪ ಬರುತ್ತದೆ.

ಆಯಸ್ಕಾಂತದ ಸೆಳೆತ ಇರಬಹುದೆಂದು ಹೊಳೆದಿರಲಿಲ್ಲವೆಂದಲ್ಲ. ಸ್ಪೀಕರ್ ದೂರ ಇಟ್ಟೆ, ಮೊಬೈಲನ್ನು ಹತ್ತಿರ ತರಲಿಲ್ಲ. ಆದರೆ ಓಡುತ್ತಿದ್ದವು ಎಂಟೇ, ಉಳಿದ ಹದಿನಾರು ನೆಟ್ಟಗಿದ್ದವು. ಒಂದು ಸಂಜೆ ಮಗಳ ಶಾಲೆಯ ದಿಕ್ಸೂಚಿಯನ್ನು ಕಪಾಟಿನೊಳಗೆ ಹಲಗೆಯುದ್ದಕ್ಕೂ ಸರಿಸಿದೆ. ನಡುಭಾಗಕ್ಕೆ ಬಂದೊಡನೆ ಮುಳ್ಳು ಗಿರ್ರನೆ ತಿರುಗಿತು. ಎರಡು ಬಾಗಿಲು ಕೂಡುವ ಜಾಗದಲ್ಲಿ, ಬಾಗಿಲು ಮುಚ್ಚಿ ನಿಲ್ಲಲೆಂದು ಪ್ರತಿ ಹಲಗೆಯ ಅಂಚನ್ನು ಕೊರೆದು, ಬಡಗಿ ಗುಂಡಿಯಷ್ಟು ಚಿಕ್ಕ ನಿಯೋಡೈಮಿಯಮ್ ಆಯಸ್ಕಾಂತ ಕೂರಿಸಿ ಮೇಲೆ ವೆನೀರ್ (ತೆಳು ಮರದ ಹಾಳೆ) ಅಂಟಿಸಿದ್ದರು. ಕೆಲಸ ಎಷ್ಟು ಅಚ್ಚುಕಟ್ಟೆಂದರೆ ಗೆರೆಯೂ ಕಾಣದು. ಪ್ರತಿ ಹಲಗೆಯ ನಡುವಿನ ಎರಡು ವಾಚು ಅದಕ್ಕೆ ಎರಡು ಸೆಂಟಿಮೀಟರ್ ದೂರದಲ್ಲಿದ್ದವು. ನನಗೆ ಪ್ರಿಯವಾದವನ್ನೇ ನಡುವೆ ಇಟ್ಟಿದ್ದೆ. ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗು ಗಿಡ್ಡವಾದಂತಾಗುತ್ತಿತ್ತು. ಗಂಟೆಗೆ 18,000 ಸಲ ಬಡಿಯಬೇಕಾದದ್ದು ಹೆಚ್ಚು ಬಡಿಯುತ್ತಿತ್ತು.

ಆಯಸ್ಕಾಂತಗಳನ್ನು ಕಿತ್ತು, ಬಾಗಿಲು ಹಿಡಿದಿಡಲು ಹಿತ್ತಾಳೆಯ ಬಾಲ್ ಕ್ಯಾಚ್ ಹಾಕಿಸಿದೆ. ಇನ್ನು ವಾಚಿಗೆ ಹತ್ತಿದ ಆಯಸ್ಕಾಂತದ ಗುಣ ಕಳೆಯಬೇಕು. ಅದಕ್ಕಿರುವ ಡೀಮ್ಯಾಗ್ನೆಟೈಸರ್ ಎಂಬ ಸಾಧನದ ಗುಂಡಿ ಒತ್ತಿಹಿಡಿದು, ವಾಚನ್ನು ಮೆಲ್ಲನೆ ಒಂದು ಮಾರು ದೂರ ಒಯ್ದ ಮೇಲಷ್ಟೇ ಗುಂಡಿ ಬಿಡಬೇಕು. ಅವಸರ ಮಾಡಿದರೆ ಮತ್ತೆ ಮೊದಲಿನಿಂದ.

ಪರೀಕ್ಷೆಗೆಂದು ಕಪಾಟನ್ನು ಪೂರ್ತಿ ಖಾಲಿ ಮಾಡಿ, ಹಲಗೆಗೆ ಒಂದರಂತೆ ನಾಲ್ಕೇ ವಾಚು ಇಟ್ಟೆ. ಮೇಲಿನ ಹಲಗೆಯಲ್ಲಿ ಅಪ್ಪನ ಜನತಾ. ಅಪ್ಪ ಇಲ್ಲೇ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿದ್ದರು. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ಕೀಲಿ ಕೊಡುತ್ತಾ ನಿಲ್ಲುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುದಿನ ಗಾಜು ಒರೆಸುತ್ತಿದ್ದ ನನ್ನ ಹೆಂಡತಿ ನಿಂತುಬಿಟ್ಟಳು. “ಇದು ಮಾವನವರದ್ದಲ್ಲವೇ? ಯಾವಾಗ ತಂದಿರಿ?”

ಒಂದೂವರೆ ವರ್ಷದಿಂದ ಅದು ಅಲ್ಲೇ ಇತ್ತು. ವಾರಕ್ಕೊಮ್ಮೆ ಅವಳು ಅದೇ ಗಾಜು ಒರೆಸಿದ್ದಳು. ಇಪ್ಪತ್ತನಾಲ್ಕರ ಸಾಲಿನಲ್ಲಿ ಅದು ಕಂಡಿರಲಿಲ್ಲ, ಅಷ್ಟೆ.

ಎರಡನೆಯ ಕಪಾಟಿನ ಯೋಚನೆ ಅಂದೇ ಬಿಟ್ಟೆ. ನಾಲ್ಕೇ ಇಟ್ಟರೆ ಕಪಾಟು ಬಿಕೋ ಎನ್ನುತ್ತದೆ. ಹಲಗೆಗೆ ಮೂರು ಇಟ್ಟು ನೋಡಿದೆ, ಕಣ್ಣು ಮತ್ತೆ ಜಾರತೊಡಗಿತು. ಜೊತೆಗೆ ಇನ್ನೊಂದು ಲೆಕ್ಕವೂ ಇದೆ: ಹೊರಗಿಟ್ಟ ವಾಚು ನಡೆಯುತ್ತಿರಬೇಕು. ನಿಂತ ವಾಚನ್ನು ತೋರಿಸಲು ನನಗೆ ಮನಸ್ಸಿಲ್ಲ. ಇಪ್ಪತ್ತನಾಲ್ಕಕ್ಕೂ ಕೀಲಿ ಕೊಡುವಷ್ಟರಲ್ಲಿ ಬೆಳಗಿನ ಕಾಫಿ ಆರಿಹೋಗುತ್ತಿತ್ತು. ಏಳು ವಾಚಿಗೆ ಕೊಟ್ಟರೂ ಕಾಫಿ ಬಿಸಿಯಾಗಿರುತ್ತದೆ. ಹಾಗಾಗಿ ಏಳು. ಮೇಲಿನ ಹಲಗೆಯಲ್ಲಿ ಜನತಾ ಒಂದೇ, ಕೆಳಗಿನ ಮೂರರಲ್ಲಿ ಎರಡೆರಡು. ಉಳಿದ ಮೂವತ್ತಾರು ಸಿಲಿಕಾ ಜೆಲ್ ಹಾಕಿದ ಡ್ರಾಯರಿನಲ್ಲಿವೆ. ಮೂರು ತಿಂಗಳಿಗೊಮ್ಮೆ ಆರನ್ನು ಬದಲಿಸುತ್ತೇನೆ, ಜನತಾ ಕದಲುವುದಿಲ್ಲ.

ಎರಡನೆಯ ಕಪಾಟಿಗೆಂದು ತೆಗೆದಿಟ್ಟ ಹಲಸಿನ ಹಲಗೆ ಉಳಿದಿದೆಯಲ್ಲ, ಅದರಲ್ಲಿ ಎಚ್‌ಎಂಟಿ ಪಾಕೆಟ್ ವಾಚನ್ನು ತೂಗುಹಾಕುವ ಕಮಾನು ಮಾಡುವ ಆಸೆ ಹುಟ್ಟಿದೆ. ಚೇಳೂರಿನ ಕಡೆಯ ಹಳೆಯ ಮರ, ಜೇನಿನ ಬಣ್ಣಕ್ಕೆ ತಿರುಗಿದೆ. ಕಮಾನಿನ ಬಳುಕು ಒಂದೇ ತುಂಡಿನಲ್ಲಿ ಬರಬೇಕು, ಜೋಡಣೆ ಬೇಡ. ಈ ಸಲ ಆಯಸ್ಕಾಂತ ಎಲ್ಲಿಯೂ ಬೇಡವೆಂದು ಬಡಗಿಗೆ ಈಗಲೇ ಹೇಳಿದ್ದೇನೆ.

ಇಂದು ಬೆಳಗಿನ ಲೆಕ್ಕ: ಜನತಾ ದಿನಕ್ಕೆ ಹದಿನಾಲ್ಕು ಸೆಕೆಂಡು ಮುಂದು, ಪೈಲಟ್ ಒಂಬತ್ತು. ಇನ್ನೊಂದು ಮಾದರಿಯಾದ ಸೋನಾ ಇನ್ನೂ ಐವತ್ತರಲ್ಲಿದೆ. ರಾತ್ರಿ ಊಟವಾದ ಮೇಲೆ ಅದನ್ನು ಮತ್ತೊಮ್ಮೆ ಡೀಮ್ಯಾಗ್ನೆಟೈಸರಿನ ಮೇಲೆ ಇಡಬೇಕು.