ಕೋಲಿನ ತುದಿಗೊಂದು ಅಪಾಸ್ಟ್ರಫಿ

ಬೆಳಿಗ್ಗೆಯಿಂದ ಲಿನ್ ಟ್ರಸ್ ತಲೆಯಲ್ಲಿ ಕೂತಿದ್ದಾರೆ. ಇಂಗ್ಲೆಂಡಿನ ಲೇಖಕಿ. 'ದ ಟೈಮ್ಸ್'ಗೆ ಟಿವಿ ವಿಮರ್ಶೆ ಬರೆದವರು, ಆಮೇಲೆ ಕ್ರೀಡಾ ಅಂಕಣವನ್ನೂ ಬರೆದವರು. ಆದರೆ ಹೆಸರು ತಂದುಕೊಟ್ಟಿದ್ದು ಮಾತ್ರ ಅಲ್ಪವಿರಾಮ! ಬಿಬಿಸಿ ರೇಡಿಯೋ 4ರಲ್ಲಿ ಇಂಥ ಬರವಣಿಗೆ ಚಿಹ್ನೆಗಳ ಬಗ್ಗೆ ಒಂದು ಸರಣಿ ಮಾಡಿದರು. ಅದರ ಬೆನ್ನಿಗೇ 2003ರಲ್ಲಿ 'ಈಟ್ಸ್, ಶೂಟ್ಸ್ ಆಂಡ್ ಲೀವ್ಸ್' ಬಂತು. ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಚುಕ್ಕಿ, ಕಾಮಾಗಳ ಪುಸ್ತಕ ಕಣ್ರೀ, ಪತ್ತೇದಾರಿ ಕಾದಂಬರಿ ಅಲ್ಲ. (ಪತ್ತೇದಾರಿಯನ್ನೂ ಆಮೇಲೆ ಬರೆದರು, ಅದು ಬೇರೆ.)

ನನಗೆ ಜಾಸ್ತಿ ಇಷ್ಟ ಆಗಿದ್ದು ಇದು. 'ಟೂ ವೀಕ್ಸ್ ನೋಟಿಸ್' ಅಂತ ಒಂದು ಸಿನಿಮಾ. ಹೆಸರಲ್ಲಿ 'ವೀಕ್ಸ್' ಆದಮೇಲೆ ಬರಬೇಕಾದ ಅಪಾಸ್ಟ್ರಫಿಯೇ (ಇಂಗ್ಲಿಷಿನಲ್ಲಿ 'ವಾರದ' ಅನ್ನೋದರ 'ದ'ವನ್ನು ತೋರಿಸೋ, ಮೇಲೆ ಕೂರೋ ಕಾಮಾದಂಥ ಚಿಹ್ನೆ) ಇರಲಿಲ್ಲ. ಈಕೆ ಕೋಲಿನ ತುದಿಗೆ ದೊಡ್ಡದೊಂದು ಅಪಾಸ್ಟ್ರಫಿ ಸಿಕ್ಕಿಸಿಕೊಂಡು ಹೋಗಿ ಪೋಸ್ಟರಿನ ಮುಂದೆ ಎತ್ತಿ ಹಿಡಿದರು!

ನಮಗೆ ಆ ತಾಪತ್ರಯ ಇಲ್ಲ. 'ಎರಡು ವಾರದ' ಅಂದರೆ ಮುಗೀತು, ಆ 'ದ'ದಲ್ಲೇ ಎಲ್ಲ ಇದೆ. ಹಾಗಂತ ಬೀಗೋ ಹಾಗೂ ಇಲ್ಲ. ನಿನ್ನೆ ಸೋದರತ್ತೆ ವಾಟ್ಸಾಪಿನಲ್ಲಿ 'ಇವತ್ತಲ್ಲ ನಾಳೆ ಬರ್ತೀವಿ' ಅಂತ ಹಾಕಿದ್ದರು. ಯಾವತ್ತೋ ಒಂದು ದಿನ ಬರ್ತಾರೆ ಅಂದುಕೊಂಡು ಸುಮ್ನಿದ್ದೆ. ಈಗ ಐದು ಜನ ಹಾಲ್‌ನಲ್ಲಿ ಕೂತಿದ್ದಾರೆ. ಮನೆಯಲ್ಲಿ ಹಾಲಿಲ್ಲ.