ಗಲಾಪಗೋಸ್ ಲೆಕ್ಕದಲ್ಲಿ ಬಿಟ್ಟುಹೋದ ಸಾಲು

"ರೀ, ದೋಣಿ ತಪ್ಪಿದ್ರೆ ಏನ್ಮಾಡೋದು?"

"ತಪ್ಪಲ್ಲ ಬಿಡೇ."

ಮೊನ್ನೆ ಜಯನಗರದ ಮನೆಯೊಂದರಲ್ಲಿ ಕೇಳಿದ ಈ ಎರಡು ಮಾತು ಇನ್ನೂ ಕಿವಿಯಲ್ಲೇ ಇವೆ. ಕೇಳಿದವರು ಹೆಂಡತಿ. ಗಂಡ ಲ್ಯಾಪ್‌ಟಾಪ್‌ನಿಂದ ಕಣ್ಣು ಕೂಡ ಎತ್ತದೆ ಉತ್ತರ ಕೊಟ್ಟರು. ಮಗ ಫೋನಿನಲ್ಲಿ ಕ್ರೂಸ್ ಹಡಗಿನ ಫೋಟೋ ನೋಡುತ್ತಿದ್ದ. ಮೂವರೂ ಮಾರ್ಚ್ ತಿಂಗಳಲ್ಲಿ ಗಲಾಪಗೋಸ್‌ಗೆ ಹೋಗುವವರು. ಖರ್ಚಿನ ಎಕ್ಸೆಲ್ ಹಾಳೆಯನ್ನು ಒಮ್ಮೆ ನೋಡಿಕೊಡಿ ಎಂದು ಕರೆದಿದ್ದರು.

ಹಾಳೆ ನೋಡೋಕೆ ಚೆನ್ನಾಗಿಯೇ ಇತ್ತು. ಬೆಂಗಳೂರಿನಿಂದ ಈಕ್ವೆಡಾರ್ ರಾಜಧಾನಿ ಕೀಟೊಗೆ ಟಿಕೆಟ್ ಅಗ್ಗಕ್ಕೆ ಸಿಕ್ಕಿದ್ದಕ್ಕೆ ಯಜಮಾನರು ಆ ಸಾಲಿಗೆ ಹಸಿರು ಬಣ್ಣ ಬಳಿದಿದ್ದರು. ಅದರ ಕೆಳಗಡೆ "ದ್ವೀಪಗಳ ನಡುವೆ ಓಡಾಟ: 5,000 ರೂ." ಮೂವರಿಗೆ, ಎಂಟು ರಾತ್ರಿಗೆ! ಬ್ಯಾಂಕಿನಿಂದ ನಿವೃತ್ತರಾದವರು ಹೀಗೆ ಬರೆದಿದ್ದು ನೋಡಿ ನಗು ಬಂತು. ಟಿಕೆಟ್ ಅಗ್ಗಕ್ಕೆ ಸಿಕ್ಕರೆ ಪ್ರವಾಸವೇ ಅಗ್ಗ ಎಂದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇಂಥವರಲ್ಲಿ ಹೆಚ್ಚಿನವರು ಗಂಡಸರೇ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಗಲಾಪಗೋಸ್ ಇರುವುದು ಈಕ್ವೆಡಾರ್ ಕರಾವಳಿಯಿಂದ ಸುಮಾರು 1,000 ಕಿ.ಮೀ. ಆಚೆ, ಪೆಸಿಫಿಕ್ ನಡುವೆ. ನೆಲದ ಶೇ. 97 ಭಾಗ ರಾಷ್ಟ್ರೀಯ ಉದ್ಯಾನ. ಕಾಲಿಡುವ ಮೊದಲೇ ದುಡ್ಡು ಬಿಚ್ಚಬೇಕು. ವಿದೇಶಿ ವಯಸ್ಕರಿಗೆ ಪ್ರವೇಶ ಶುಲ್ಕ 200 ಡಾಲರ್. 2024ರ ಆಗಸ್ಟ್ 1ರವರೆಗೆ ಅದು 100 ಇತ್ತು, ಇಂಟರ್‌ನೆಟ್ಟಿನ ಹಳೆಯ ಲೇಖನಗಳಲ್ಲಿ ಇನ್ನೂ ಅದೇ ಇದೆ, ಇವರ ಹಾಳೆಯಲ್ಲೂ ಅದೇ ಇತ್ತು. ಇದರ ಜೊತೆಗೆ ದ್ವೀಪಕ್ಕೆ ವಿಮಾನ ಹೊರಡುವ ಕೀಟೊ ಅಥವಾ ಗ್ವಾಯಾಕಿಲ್‌ನಲ್ಲಿ ಮಾಡಿಸಿಕೊಳ್ಳುವ, ದ್ವೀಪಕ್ಕೆ ಬಂದುಹೋಗುವವರ ಲೆಕ್ಕ ಇಡುವ ಟ್ರಾನ್ಸಿಟ್ ಕಾರ್ಡಿಗೆ 20 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ ಮೂವರಿಗೆ 59,400 ರೂ. ಇಷ್ಟು ಕೊಟ್ಟಾಗ ಒಂದು ಆಮೆಯನ್ನೂ ಕಂಡಿರುವುದಿಲ್ಲ.

ಅಲ್ಲಿಂದ ದ್ವೀಪಕ್ಕೆ ಹಾರುವ ಒಳಗಿನ ವಿಮಾನದ ಟಿಕೆಟ್ಟಿನಲ್ಲಿ ಇನ್ನೊಂದು ಕೊಕ್ಕೆ. ಈಕ್ವೆಡಾರ್ ಪ್ರಜೆಗಳಿಗೆ ಬೇರೆ, ಕಡಿಮೆ ದರವಿದೆ. ವೆಬ್‌ಸೈಟಿನಲ್ಲಿ ಅದನ್ನೇ ಒತ್ತಿ ಕೊಂಡ ವಿದೇಶಿಗರಿಗೆ ಚೆಕ್‌ಇನ್ ಕೌಂಟರಿನಲ್ಲಿ ವ್ಯತ್ಯಾಸದ ಹಣ ಕೇಳುತ್ತಾರೆ. ಆಗ ವಾದ ಮಾಡಿ ಪ್ರಯೋಜನವಿಲ್ಲ, ಮುಂದಿನ ವಿಮಾನಕ್ಕೂ ಅದೇ ಕೌಂಟರ್.

ಈಗ ಆ 5,000ಕ್ಕೆ ಬರೋಣ. ಜನವಸತಿಯ ಮುಖ್ಯ ದ್ವೀಪಗಳು ಸಾಂತಾ ಕ್ರೂಸ್, ಸಾನ್ ಕ್ರಿಸ್ಟೋಬಾಲ್, ಇಸಬೆಲಾ. ಇವುಗಳ ನಡುವೆ ಬೆಳಿಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು ಸ್ಪೀಡ್‌ಬೋಟ್ ಹೊರಡುತ್ತದೆ. ಸುಮಾರು ಎರಡು ಗಂಟೆಯ ಕುಲುಕಾಟ, ಒಬ್ಬರಿಗೆ ಒಂದು ಸಲಕ್ಕೆ 30–35 ಡಾಲರ್. ದಡದಿಂದ ಆ ಬೋಟಿಗೆ ಹೋಗಲು ಇನ್ನೊಂದು ಪುಟ್ಟ ದೋಣಿ, ಅದಕ್ಕೆ ಬೇರೆ ಚಿಲ್ಲರೆ. ಇಸಬೆಲಾದ ಕಟ್ಟೆ ಹತ್ತಿದರೆ ತಲಾ 10 ಡಾಲರ್. ಸಾನ್ ಕ್ರಿಸ್ಟೋಬಾಲ್‌ನಿಂದ ಇಸಬೆಲಾಕ್ಕೆ ನೇರ ಬೋಟ್ ಇಲ್ಲ, ಸಾಂತಾ ಕ್ರೂಸ್‌ನಲ್ಲಿ ಇಳಿದು ಬದಲಿಸಬೇಕು. ಇವರ ಯೋಜನೆಯಂತೆ ಸಾಂತಾ ಕ್ರೂಸ್ ಪಕ್ಕದ ಪುಟ್ಟ ದ್ವೀಪ ಬಾಲ್ತ್ರಾದ ವಿಮಾನ ನಿಲ್ದಾಣದಲ್ಲಿ ಇಳಿದು, ಮೂರೂ ದ್ವೀಪ ಸುತ್ತಿ, ಬಾಲ್ತ್ರಾದಿಂದಲೇ ಹೊರಟರೆ ನಾಲ್ಕು ಬೋಟ್ ಪಯಣ. ಮೂವರಿಗೆ 420 ಡಾಲರ್, ಅಂದರೆ 37,800 ರೂ. ಬಾಲ್ತ್ರಾದಲ್ಲಿ ಇಳಿದು ಸಾನ್ ಕ್ರಿಸ್ಟೋಬಾಲ್‌ನಿಂದ ಹಾರಿದರೆ ಒಂದು ಪಯಣ, 105 ಡಾಲರ್, ಅರ್ಧ ದಿನ ಮೂರೂ ಉಳಿಯುತ್ತವೆ. ಇಡೀ ಹಾಳೆಯಲ್ಲಿ ನಿಜವಾದ ಉಳಿತಾಯ ಎಂದರೆ ಇದೊಂದೇ.

ದೋಣಿ ತಪ್ಪಿದರೆ ಎಂಬ ಹೆಂಡತಿಯ ಪ್ರಶ್ನೆಯ ತೂಕ ಇಲ್ಲಿ ತಿಳಿಯುತ್ತದೆ. ಸಮುದ್ರ ಉಕ್ಕಿದ ದಿನ ಬಂದರಿನ ಅಧಿಕಾರಿ ಬೋಟ್ ಬಿಡುವುದಿಲ್ಲ. ಬೆಳಗಿನದು ನಿಂತರೆ ಮಧ್ಯಾಹ್ನದ್ದು ತುಂಬಿರುತ್ತದೆ. ಇವರ ಹಾಳೆಯ ಪ್ರಕಾರ ಕೊನೆಯ ರಾತ್ರಿ ಇಸಬೆಲಾದಲ್ಲಿ. ಬೆಳಿಗ್ಗೆ ಬೋಟ್, ಸಾಂತಾ ಕ್ರೂಸ್ ದ್ವೀಪದ ಬಂದರು ಊರು ಪೋರ್ಟೊ ಆಯೋರಾದಿಂದ ದ್ವೀಪದ ಆ ತುದಿಗೆ ಬಸ್ಸು, ಇತಾಬಾಕಾ ಕಾಲುವೆ ದಾಟಲು 1 ಡಾಲರಿನ ದೋಣಿ, ಮತ್ತೆ ಬಸ್ಸು, ಬಾಲ್ತ್ರಾ, ಕೀಟೊಗೆ ವಿಮಾನ, ಅದೇ ರಾತ್ರಿ ಬೆಂಗಳೂರಿನ ಕಡೆಗೆ. ಒಳಗಿನ ಟಿಕೆಟ್ ಬೇರೆ ಪಿಎನ್ಆರ್, ಹೊರಗಿನದು ಬೇರೆ ಪಿಎನ್ಆರ್. ಮೊದಲಿನದು ತಪ್ಪಿದರೆ ಎರಡನೆಯ ವಿಮಾನ ಕಂಪನಿಗೆ ಏನೂ ಸಂಬಂಧವಿಲ್ಲ. ಹಸಿರು ಬಣ್ಣದ ಆ ಅಗ್ಗದ ಟಿಕೆಟ್ ಮೂರೂ ನೀರುಪಾಲು. ಕೊನೆಯ ರಾತ್ರಿ ವಿಮಾನ ನಿಲ್ದಾಣ ಇರುವ ಕಡೆಯೇ ಕಳೆಯಬೇಕು, ದಡ ಸೇರಿದ ಮೇಲೆ ಕೀಟೊದಲ್ಲೋ ಗ್ವಾಯಾಕಿಲ್‌ನಲ್ಲೋ ಇನ್ನೊಂದು ರಾತ್ರಿ. ಯಜಮಾನರು ದಂಡ ಎಂದು ಕತ್ತರಿಸಿದ್ದೇ ಈ ಎರಡು ರಾತ್ರಿಗಳನ್ನು. ಜೀವಮಾನವಿಡೀ ಸಾಸಿವೆ ಡಬ್ಬಿಯಲ್ಲಿ ನಾಲ್ಕು ನೋಟು ಬಚ್ಚಿಟ್ಟು ಮನೆ ನಡೆಸಿದ ಆಕೆಗೆ ಹಾಳೆ ನೋಡದೆಯೇ ಇದು ಗೊತ್ತಾಗಿತ್ತು.

ಮಗನಿಗೆ ಕ್ರೂಸ್ ಬೇಕು. ಎಂಟು ದಿನಕ್ಕೆ ಸಾಧಾರಣ ಹಡಗೇ ತಲಾ 3,000 ಡಾಲರ್ ದಾಟುತ್ತದೆ, ಪ್ರವೇಶ ಶುಲ್ಕ, ಟಿಪ್ಸ್ ಸಾಮಾನ್ಯವಾಗಿ ಹೊರಗೆ. ಹುಡುಗನ ಮಾತನ್ನು ತಳ್ಳಿಹಾಕುವಂತಿಲ್ಲ. ಹೆನೊವೇಸಾ, ಫೆರ್ನಾಂದಿನಾದಂಥ ದೂರದ ದ್ವೀಪಗಳನ್ನು ನೋಡಬೇಕಾದರೆ ಹಡಗಿನಲ್ಲೇ ಮಲಗಬೇಕು. ಅಮ್ಮನಿಗೆ ವಾಂತಿಯಾಗುತ್ತದೆ, ಕ್ರೂಸ್ ಬೇಡ ಎಂಬ ಅಪ್ಪನ ವಾದ ಮಾತ್ರ ತಲೆಕೆಳಗು. ಕ್ರೂಸ್ ಹಡಗು ಹೆಚ್ಚಾಗಿ ರಾತ್ರಿ ಸಾಗುತ್ತದೆ, ಹಗಲು ಲಂಗರು ಹಾಕುತ್ತದೆ. ಹೊಟ್ಟೆ ತೊಳಸುವುದು ಸ್ಪೀಡ್‌ಬೋಟಿನಲ್ಲೇ ಜಾಸ್ತಿ. ಅದರಲ್ಲಿ ಹೋಗುವುದಾದರೆ ಹಿಂದಿನ ಸೀಟು ಹಿಡಿಯಬೇಕು, ಮಾತ್ರೆಯನ್ನು ಹೊರಡುವ ಅರ್ಧ ಗಂಟೆಗೆ ಮೊದಲೇ ನುಂಗಿರಬೇಕು.

ಕ್ರೂಸ್ ಇಲ್ಲದಿದ್ದರೆ ದಿನದ ಪ್ರವಾಸ. ನಾರ್ತ್ ಸೇಮೋರ್, ಬಾರ್ತೊಲೊಮೆ ಥರದ ಪುಟ್ಟ ದ್ವೀಪಗಳಿಗೆ ಒಬ್ಬರಿಗೆ 150–250 ಡಾಲರ್. ಗೈಡ್ ಕಡ್ಡಾಯ, ಒಬ್ಬ ಗೈಡ್ ಕೈಕೆಳಗೆ 16 ಜನ. ಇಂಥವು ಎರಡು ಸಾಕು. ಸಾಂತಾ ಕ್ರೂಸ್ ದ್ವೀಪದ ಟೋರ್ಟುಗಾ ಬೇ ಕಡಲತೀರಕ್ಕೆ ಪುಕ್ಕಟೆ ಪ್ರವೇಶ, ಎರಡೂವರೆ ಕಿ.ಮೀ. ಕಲ್ಲುಹಾದಿ, ನೀರಿನ ಬಾಟಲಿ ಜೊತೆಗಿರಲಿ, ಅಲ್ಲಿ ಅಂಗಡಿಯಿಲ್ಲ. ಪೋರ್ಟೊ ಆಯೋರಾದ ಮೀನುಕಟ್ಟೆಗೂ ದುಡ್ಡಿಲ್ಲ. ಮೀನು ಕೊಯ್ಯುವ ಹೆಂಗಸಿನ ಮೊಣಕೈಗೆ ತಾಗುವಂತೆ ಸಮುದ್ರಸಿಂಹವೊಂದು ಕಟ್ಟೆಗೆ ಗಲ್ಲ ಊರಿ ನಿಂತಿರುತ್ತದೆ, ಹಿಂದೆ ಪೆಲಿಕನ್‌ಗಳ ಸಾಲು. ಆಕೆ ಚೂರೊಂದನ್ನು ಎಸೆದು ಅದನ್ನು ಸೊಂಟದಿಂದಲೇ ಆಚೆ ತಳ್ಳುತ್ತಾಳೆ. ಅದು ಮತ್ತೆ ಬಂದು ಅಲ್ಲೇ ನಿಲ್ಲುತ್ತದೆ.

ನಗದಿನ ವಿಷಯ. ಈಕ್ವೆಡಾರಿನಲ್ಲಿ ಚಲಾವಣೆ ಅಮೆರಿಕದ ಡಾಲರೇ. 50, 100ರ ನೋಟನ್ನು ಖೋಟಾ ಎಂಬ ಭಯಕ್ಕೆ ಅನೇಕ ಅಂಗಡಿಗಳಲ್ಲಿ ಮುಟ್ಟುವುದಿಲ್ಲ. 1, 5, 10, 20ರ ನೋಟುಗಳೇ ಹೆಚ್ಚಿರಲಿ. ಕಾರ್ಡ್ ಉಜ್ಜಿದರೆ ಎಷ್ಟೋ ಕಡೆ ಮೇಲೊಂದಿಷ್ಟು ಸೇರಿಸುತ್ತಾರೆ. ಇಸಬೆಲಾಕ್ಕೆ ಬೇಕಾದ ಹಣವನ್ನು ಸಾಂತಾ ಕ್ರೂಸ್‌ನಲ್ಲೇ ತೆಗೆದುಕೊಂಡು ಹೊರಡಬೇಕು.

ಊಟಕ್ಕೆ ಕಡಲದಂಡೆಯ ಹೋಟೆಲು ಬಿಟ್ಟು ಎರಡು ಬೀದಿ ಒಳಗೆ ಹೋದರೆ ಮಧ್ಯಾಹ್ನದ "ಅಲ್ಮುಎರ್ಸೊ" ಸಿಗುತ್ತದೆ: ಸೂಪು, ಅನ್ನದ ತಟ್ಟೆ, ಜ್ಯೂಸು, ಹತ್ತು ಡಾಲರಿನೊಳಗೆ. ಸಸ್ಯಾಹಾರಿಗಳು ಸೂಪು ಬಿಡುವುದು ಕ್ಷೇಮ, ತಳದಲ್ಲಿ ಹೆಚ್ಚಾಗಿ ಕೋಳಿಯದೋ ಮಾಂಸದ್ದೋ ರಸ ಇರುತ್ತದೆ. ಅನ್ನ, "ಮೆನೆಸ್ತ್ರಾ" ಎಂಬ ಕಾಳಿನ ಗೊಜ್ಜು, ಕರಿದ ಬಾಳೆಕಾಯಿ ಕೇಳಿದರೆ ಹೊಟ್ಟೆ ತುಂಬುತ್ತದೆ. ಕಾಳಿಗೂ ಮಾಂಸ ಹಾಕಿದ್ದಾರೋ ಎಂದು ಒಮ್ಮೆ ಕೇಳಿಕೊಳ್ಳಬೇಕು.

ಮನೆಯಿಂದ ಹೆಸರುಕಾಳು ಒಯ್ದು ಮೊಳಕೆ ಕಟ್ಟಿಕೊಳ್ಳಬಹುದಾ ಎಂದು ಹೆಂಡತಿ ಕೇಳಿದರು. ಖಂಡಿತ ಆಗದು. ದ್ವೀಪಕ್ಕೆ ಹೊರಡುವ ಸಾಮಾನನ್ನೆಲ್ಲ ಕೀಟೊ, ಗ್ವಾಯಾಕಿಲ್‌ನಲ್ಲೇ ತಪಾಸಣೆ ಮಾಡಿ ಸೀಲ್ ಹಾಕುತ್ತಾರೆ. ಬೀಜ, ಹಣ್ಣು, ಹಸಿ ಸೊಪ್ಪು ನಿಷಿದ್ಧ, ಕರಿಬೇವು ಕೂಡ. ಯಾವತ್ತೋ ಹೊರಗಿನಿಂದ ಬಂದ ಸೀಬೆ, ಬ್ಲ್ಯಾಕ್‌ಬೆರಿ ಅಲ್ಲಿನ ಕಾಡನ್ನು ಮುಚ್ಚಿಬಿಟ್ಟಿವೆ. ಬಂಡೀಪುರದಲ್ಲಿ ಲಂಟಾನ ಕಂಡವರಿಗೆ ಬೇರೆ ವಿವರಣೆ ಬೇಡ. 200 ಡಾಲರ್ ಸುಲಿಗೆ ಎಂದು ಯಜಮಾನರು ಗೊಣಗಿದರು. ನನಗೆ ಹಾಗನ್ನಿಸುವುದಿಲ್ಲ. 1998ರಿಂದ ಏರದೆ ಇದ್ದ ಶುಲ್ಕ ಅದು. ದ್ವೀಪಗಳಲ್ಲಿ ವಾಸವಿರುವವರು ಸುಮಾರು 30,000, ವರ್ಷಕ್ಕೆ ಬರುವವರು ಅದರ ಹತ್ತು ಪಟ್ಟು. ಅಕ್ಕಿಯಿಂದ ಸಿಮೆಂಟಿನವರೆಗೆ ಎಲ್ಲವೂ ಸರಕು ಹಡಗಿನಲ್ಲೇ ಬರಬೇಕಾದ ಜಾಗಕ್ಕೆ ಅಗ್ಗದಲ್ಲಿ ಹೋಗಿಬರುತ್ತೇವೆ ಎನ್ನುವುದು, ಉಳಿದ ಖರ್ಚನ್ನು ಇನ್ಯಾರೋ ಹೊರಲಿ ಎಂದಂತೆ. ಸಮುದ್ರಸಿಂಹಕ್ಕೆ ಮನುಷ್ಯರ ಭಯವೇ ಇಲ್ಲದಷ್ಟು ಮಟ್ಟಿಗೆ ಒಂದು ಊರನ್ನು ಕಾಯ್ದುಕೊಳ್ಳಬೇಕಾದರೆ ಯಾರಾದರೂ ದುಡ್ಡು ಕೊಡಲೇಬೇಕಲ್ಲ.

ಹಾಳೆಗೆ ನಾನು ಸೇರಿಸಿಕೊಟ್ಟ ಕೊನೆಯ ಸಾಲು ಹಳದಿ ಜ್ವರದ ಲಸಿಕೆ. ಈಕ್ವೆಡಾರ್ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಪ್ರಮಾಣಪತ್ರವಿಲ್ಲದೆ ವಾಪಸಾದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು 6 ದಿನದವರೆಗೆ ಕ್ವಾರಂಟೈನ್‌ನಲ್ಲಿಡಬಹುದು. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲೆಯೇ ಆ ಪತ್ರಕ್ಕೆ ಬೆಲೆ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಅರವತ್ತು ದಾಟಿದವರು ಮೊದಲು ವೈದ್ಯರನ್ನು ಕಾಣಬೇಕು, ಆ ವಯಸ್ಸಿಗೆ ಈ ಲಸಿಕೆಯ ಅಡ್ಡಪರಿಣಾಮದ ಅಪಾಯ ತುಸು ಹೆಚ್ಚು. ಆದ್ದರಿಂದ ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ನೋಡಿ ಬಂದ ಮೇಲೆಯೇ ಹೋಟೆಲಿನ ಮುಂಗಡ ಕಟ್ಟಿ ಎಂದು ಹೇಳಿ ಬಂದಿದ್ದೇನೆ.